ಮಂಜುಗಡ್ಡೆ ಕಾಯೋಳು

ಎಕ್ಸ್‌ರೇ ಕೋಣೆಯ ಮುಂದೆ ನನ್ನ ಪಕ್ಕ ಅಕ್ಕ-ತಂಗಿ ಕೂತಿದ್ದರು. ಅಕ್ಕನ ಕೈಗೆ ಪಟ್ಟಿ.

“ಮಗಳ ಸಂಶೋಧನೆ ಹೇಗಿದೆ ಅಕ್ಕಾ?”

“ಸಂಶೋಧನೆಯಂತೆ, ಮಣ್ಣಂತೆ! ಹಿಮನದಿ ಜಾರೋದನ್ನ ನೋಡ್ತಾ ಕೂತಿದ್ದಾಳೆ. ಮಂಜುಗಡ್ಡೆ ಕಾಯೋಕೆ ಡಾಕ್ಟರೇಟ್ ಬೇರೆ ಕೇಡು!”

“ಭೂಕಂಪಕ್ಕೂ ಅದಕ್ಕೂ ಸಂಬಂಧ ಇದೆಯಂತಲ್ಲ?”

“ಹಿಮ ಬಂಡೆಗೆ ಕಚ್ಚಿಕೊಂಡಿದ್ದು ತಟಕ್ಕನೆ ಜಾರುತ್ತಂತೆ. ನೆಲದೊಳಗಿನ ಬಿರುಕಲ್ಲಿ ಬಂಡೆಗಳೂ ಹಾಗೇ ಜಾರಿ ನೆಲ ನಡುಗುತ್ತಂತೆ. ಅದಕ್ಕೇ ಬೀರುನ ಗೋಡೆಗೆ ಬಿಗಿಸಮ್ಮ ಅಂತ ಪ್ರಾಣ ತಿಂದಳು. ಹೆತ್ತವಳಿಗೇ ಬುದ್ಧಿ ಹೇಳ್ತಾಳೆ!”

“ಕೇಳಿದ್ದರೆ ಮೊನ್ನೆ ನೆಲ ನಡುಗಿದಾಗ ಬೀರು ನಿನ್ನ ಮೇಲೆ ಬೀಳ್ತಿರಲಿಲ್ಲ. ಅವಳಿಗೆ ಹೇಳಿದೆಯಾ?”

“ಬಚ್ಚಲಲ್ಲಿ ಬಿದ್ದೆ ಅಂದಿದ್ದೀನಿ. ನಿಜ ಹೇಳಿದರೆ ಅವಳಿಗೆ ಕೊಂಬು ಮೂಡುತ್ತೆ.”

ಒಳಗಿಂದ ಕರೆದರು. ಅಕ್ಕ ಎದ್ದಳು.

“ನಾಳೆ ಬರ್ತಾಳಂತೆ ಮಹಾರಾಯ್ತಿ. ಇವತ್ತೇ ಬಡಗಿನ ಕರೆಸಿ ಆ ಬೀರು ಬಿಗಿಸಿಬಿಡು.”