ನಲವತ್ತೊಂದನೇ ಬಾಟಲಿಯ ಮುಚ್ಚಳ

ನಾನು, ವಯಸ್ಸು 56, ಧ್ರುವದ ಮಂಜುಗಡ್ಡೆ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಶೀತಕೋಣೆ ಸಹಾಯಕ, ಎಲ್ಲರೂ ಕರೆಯುವುದು ಐಸಣ್ಣ ಎಂದು, ವಾಸ ಪ್ರಯೋಗಾಲಯದ ಹಿಂದಿನ ವಸತಿಗೃಹ ಸಂಖ್ಯೆ 6, ಈ ಮೂಲಕ ತಿಳಿಸುವುದೇನೆಂದರೆ:

ಧ್ರುವದ ಆಳದಿಂದ ಕೊರೆದು ತಂದ ಗಡ್ಡೆಯನ್ನು ತುಂಡರಿಸಿ, ಬಾಟಲಿಗೆ ಹಾಕಿ, ಮುಚ್ಚಳ ಬಿಗಿಯುವುದು ನನ್ನ ಕೆಲಸ. ಕರಗಿದ ನೀರಿನಲ್ಲಿ ಹಗುರ ಆಮ್ಲಜನಕ, ಭಾರ ಆಮ್ಲಜನಕ ಎರಡೂ ಇರುತ್ತವೆ. ಹಿಮ ಬಿದ್ದ ಕಾಲದಲ್ಲಿ ಚಳಿ ಹೆಚ್ಚಿದ್ದಷ್ಟೂ ಭಾರದ್ದು ಕಡಿಮೆ. ಅದನ್ನು ಅಳೆದು ನಮ್ಮ ಮೇಡಂ ಸಾವಿರಾರು ವರ್ಷ ಹಿಂದಿನ ಚಳಿ ಎಷ್ಟಿತ್ತೆಂದು ಹೇಳುತ್ತಾರೆ.

ಇದೇ ತಿಂಗಳ 3ರಂದು ಬೆಳಿಗ್ಗೆ 10.20ಕ್ಕೆ, ಮೈನಸ್ ಇಪ್ಪತ್ತು ಡಿಗ್ರಿಯ ಕೋಣೆಯಲ್ಲಿ ಬಾಟಲಿ 41ಕ್ಕೆ ಮುಚ್ಚಳ ಹಾಕಿ, ಕರಗಲೆಂದು ಹೊರಗಿನ ಮೇಜಿನ ಮೇಲಿಟ್ಟೆ. ಎರಡು ಜೊತೆ ಕೈಗವಸಿನಲ್ಲಿ ಬೆರಳಿಗೆ ಏನೂ ತಿಳಿಯುವುದಿಲ್ಲ. ‘ಟಕ್’ ಎಂದು ಸದ್ದು ಬರುವವರೆಗೆ ತಿರುಗಿಸಬೇಕು.

9ರಂದು 11 ಗಂಟೆಗೆ ಅಳೆದಾಗ ಭಾರ ಆಮ್ಲಜನಕದ ಲೆಕ್ಕದಲ್ಲಿ ಬಾಟಲಿ 40 ಮತ್ತು 42 ಮೈನಸ್ 38 ತೋರಿಸಿದವು. 41 ಮಾತ್ರ ಮೈನಸ್ 35.5, ಎಂದರೆ ಭಾರದ್ದು ಹೆಚ್ಚು. ಟಕ್ ಕೇಳಿಸಿತ್ತೇ ಎಂದು ಮೇಡಂ ಕೇಳಿದರು. ಕೇಳಿಸಿತ್ತು ಎಂದೆ. ಆ ಮೇಜಿನಿಂದ ನಲ್ಲಿಗೆ ಎರಡೇ ಅಡಿ, ನಲ್ಲಿ ನೀರಿನಲ್ಲಿ ಭಾರದ್ದು ಜಾಸ್ತಿ. ಸ್ವಚ್ಛತೆ ಕೆಲಸದ ಅಕ್ಕ ಬಾಟಲಿ ಬೀಳಿಸಿ, ನಲ್ಲಿ ನೀರು ಸೇರಿಸಿ ವಿಷಯ ಮುಚ್ಚಿಟ್ಟಿದ್ದಾರೆಂದು ಮೇಡಂ ಠಾಣೆಗೆ ದೂರು ಕೊಟ್ಟರು. “ನಾನು ಒರೆಸಿದ್ದು ಮೇಜು, ಬಾಟ್ಲಿ ಮುಟ್ಟೇ ಇಲ್ಲ. ಐಸಣ್ಣ, ನೀವಾದ್ರೂ ಹೇಳಿ,” ಎಂದು ಅಕ್ಕ ನನ್ನ ಕಡೆ ತಿರುಗಿದರು. ನಾನು ನನ್ನ ಬೂಟು ನೋಡುತ್ತ ನಿಂತಿದ್ದೆ.

ಇಂದು 12ರಂದು ಬೆಳಿಗ್ಗೆ 10ರಿಂದ ಅಕ್ಕನನ್ನು ಠಾಣೆಯಲ್ಲಿ ಕೂರಿಸಿದ್ದಾರೆ. ಮಧ್ಯಾಹ್ನ 2.15ಕ್ಕೆ ನಾನು ಬಾಟಲಿ ತೆಗೆದು ನೋಡಿದೆ. ಮೇಡಂ ಅಳತೆಗೆ ತೆಗೆದದ್ದು ಒಂದೇ ಹನಿ, ಆದರೂ ನೀರು, ಕರಗಿದ ಮೇಲೆ ನಾನು ಬಾಟಲಿಗೆ ಹಾಕಿದ್ದ ಗುರುತಿಗಿಂತ ಐದು ಮಿಲಿಮೀಟರ್ ಕೆಳಗಿತ್ತು. ನಲ್ಲಿ ನೀರು ಸೇರಿಸಿದವರು ಗುರುತಿನವರೆಗಾದರೂ ತುಂಬುತ್ತಿದ್ದರು. ಮುಚ್ಚಳ ಸಡಿಲವಿದ್ದರೆ ಹಗುರದ್ದು ಮೊದಲು ಆರಿಹೋಗುತ್ತದೆ, ಭಾರದ್ದು ಉಳಿಯುತ್ತದೆ, ಕಡು ಚಳಿಯ ಕಾಲದ ನೀರೂ ತನ್ನ ಕಾಲ ಬೆಚ್ಚಗಿತ್ತೆಂದು ಸುಳ್ಳು ಹೇಳುತ್ತದೆ.

ನನಗೆ ಎರಡು ವರ್ಷದಿಂದ ಟಕ್ ಕೇಳಿಸುತ್ತಿಲ್ಲ, ಎದುರು ನಿಂತು ಜೋರಾಗಿ ಆಡಿದ ಮಾತು ಮಾತ್ರ ತಿಳಿಯುತ್ತದೆ. ಅಂದಾಜಿನಲ್ಲಿ ತಿರುಗಿಸುತ್ತಿದ್ದೆ. ಕಿವಿ ತೋರಿಸಿಕೊಳ್ಳಿ ಎಂದು ಹೆಂಡತಿ ಬಡಿದುಕೊಂಡಳಂತೆ, ಅದೂ ಸರಿಯಾಗಿ ಕೇಳಿಸಿರಲಿಲ್ಲ. ಅಪಾಯದ ಗಂಟೆ ಕೇಳಿಸದವರನ್ನು ಶೀತಕೋಣೆಗೆ ಬಿಡುವುದಿಲ್ಲ. ಸೇವೆ ಇನ್ನೂ ನಾಲ್ಕು ವರ್ಷವಿತ್ತು, ಹೆದರಿ ಬಾಯಿ ಮುಚ್ಚಿಕೊಂಡೆ. ನಾಚಿಕೆಯಾಗುತ್ತಿದೆ. ತಪ್ಪು ನನ್ನದು, ಅಕ್ಕನನ್ನು ಮನೆಗೆ ಕಳುಹಿಸಬೇಕೆಂದು ಕೋರುತ್ತೇನೆ.

ಈ ಹೇಳಿಕೆಯನ್ನು ಬರೆದುಕೊಂಡವರು ನನಗೆ ಓದಿ ಹೇಳಿದರು. ಕೇಳಿಸಲಿಲ್ಲ. ಕಾಗದ ಈಸಿಕೊಂಡು ನಾನೇ ಓದಿದೆ. ಎಲ್ಲವೂ ನಿಜ.

ಸ್ಥಳ: ಠಾಣೆ
ದಿನಾಂಕ: 12, ಸಂಜೆ 4.40
(ಸಹಿ) ಶೀತಕೋಣೆ ಸಹಾಯಕ