ಅಕ್ಕನಿಗಾಗಿ ಹೊಲಿಸಿದ ಸೀಟು

ಸನ್ಮಾನ್ಯ ಶ್ರೋತೃಮಹಾಶಯರೇ, ಪೂಜ್ಯ ಮಾತೃಮಂಡಲಿಯೇ! ಯಾವ ಊರಿನಲ್ಲೂ ಬಹುಕಾಲ ನಿಲ್ಲಲಾರದ ಈ ಅಲೆಮಾರಿಯ ಅಲ್ಪವಾಣಿಗೆ ತಾವು ತಮ್ಮ ಅಮೂಲ್ಯವಾದ ಸಂಜೆಯನ್ನು ಧಾರೆಯೆರೆದಿದ್ದೀರಿ. ತಮಗೆ ಅನಂತ ವಂದನೆಗಳು. ಕ್ಷಮೆಯನ್ನು ಕುರಿತು ಮಾತು ನಡೆದಿತ್ತು. ಕ್ಷಮೆ ಕೇಳುವುದು ದೊಡ್ಡದೋ, ಕೊಡುವುದು ದೊಡ್ಡದೋ ಎಂದು ಮುಂದಿನ ಸಾಲಿನ ಹಿರಿಯರೊಬ್ಬರು ಪ್ರಶ್ನಿಸಿದರು. ಅದಕ್ಕೆ ಶಾಸ್ತ್ರದಲ್ಲಿ ಉತ್ತರವಿದೆ. ಆದರೆ ಇಂದು ಶಾಸ್ತ್ರ ಪಕ್ಕಕ್ಕಿರಲಿ, ಒಂದು ಕಥೆಯನ್ನು ಕೇಳಿ.

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಕೊಬ್ಬರಿ ವ್ಯಾಪಾರ, ಮಹಡಿ ಮನೆ, ಕನ್ನಡಿಯಂತೆ ಹೊಳೆಯುವ ಕಾರು, ಎಲ್ಲವೂ ಇತ್ತು. ಇದ್ದರೂ ಅವನ ಜೀವವೆಲ್ಲ ಒಂದು ಹಳೆಯ ಜೀಪಿನ ಮೇಲೆ. ಅವನ ತಂದೆ ಮಿಲಿಟರಿಯವರ ಹರಾಜಿನಲ್ಲಿ ಕೊಂಡು ತಂದದ್ದು. ಅದಕ್ಕೆ ಬಾಗಿಲಿಲ್ಲ. ಮೇಲೊಂದು ಕ್ಯಾನ್ವಾಸಿನ ಹೊದಿಕೆ. ಹೊರಟಿತೆಂದರೆ ಅದು ಯಾರ ಜೀಪೆಂದು ಆಚೆ ಬೀದಿಯವರೂ ಹೆಸರು ಹಿಡಿದು ಹೇಳುವಂಥ ಸದ್ದು.

ಈ ಶ್ರೀಮಂತನಿಗೆ ಒಬ್ಬಳೇ ಅಕ್ಕ. ತಾಯಿ ಬೇಗನೆ ತೀರಿಹೋದ್ದರಿಂದ ಅವನನ್ನು ಸಾಕಿದವಳು ಅವಳೇ. ತಂದೆ ಜೀಪು ಓಡಿಸುವಾಗ ಪಕ್ಕದ ಸೀಟಿನಲ್ಲಿ ಅವಳು, ಅವಳ ತೊಡೆಯ ಮೇಲೆ ಇವನು. ಗಾಳಿಗೆ ಕಣ್ಣು ಉರಿದರೆ ಅವಳ ಸೆರಗೇ ಅವನಿಗೆ ಮರೆ.

ಅಂಥ ಅಕ್ಕನಿಗೆ ಅವನೇನು ಮಾಡಿದ? ಮಹಡಿ ಮನೆಯ ಗೃಹಪ್ರವೇಶ ಮುಗಿದು, ಅವಳನ್ನು ಅವಳ ಗಂಡನ ಮನೆಯಿದ್ದ ಪೇಟೆಗೆ ಬಿಟ್ಟುಬರಲು ಜೀಪು ಸಿದ್ಧವಾಗಿತ್ತು. ಅಕ್ಕ ಎಂದಿನಂತೆ ಮುಂದೆ ಹತ್ತಿ ಕುಳಿತಳು. ಅಷ್ಟರಲ್ಲಿ ಅತಿಥಿಯಾಗಿ ಬಂದಿದ್ದ ಅಧಿಕಾರಿಯೊಬ್ಬರು ತಾವೂ ಪೇಟೆಗೆ ಬರುವುದಾಗಿ ಹೇಳಿದರು.

“ಅಕ್ಕಾ, ಇಳಿದು ಹಿಂದಕ್ಕೋಗು. ಸಾಹೇಬ್ರು ಮುಂದೆ ಕೂತ್ಕೋತಾರೆ” ಎಂದ ತಮ್ಮ.

“ಪರವಾಗಿಲ್ಲ ಬಿಡ್ರಿ, ಹೆಂಗಸ್ರು ಕೂತಿದಾರೆ” ಎಂದರು ಅಧಿಕಾರಿ.

“ಅಯ್ಯೋ, ಮನೇವ್ಳು ಸಾರ್ ಅವ್ಳು! ಎಲ್ಲಾದ್ರೂ ಕೂತ್ಕೋತಾಳೆ.”

ಮನೆಯವಳು. ನೋಡಿ, ಆ ಒಂದು ಮಾತು. ಅಕ್ಕ ಇಳಿದಳು. ಹಿಂದೆ, ತೊಳೆಯದ ಹಂಡೆಗಳ ಮಧ್ಯೆ, ಉಳಿದ ಬಾಳೆಎಲೆಯ ಕಟ್ಟಿನ ಮೇಲೆ ಕುಳಿತಳು. ತನ್ನ ಮನೆ ಬಂದಾಗ ಸೀರೆಗೆ ಮೆತ್ತಿದ ಮಸಿಯನ್ನು ಕೊಡವಿಕೊಂಡು ಒಳಗೆ ಹೋದಳು.

ಆ ವರ್ಷ ಗೌರಿಹಬ್ಬಕ್ಕೆ ಅವನು ಕರೆಯಲು ಹೋಗಲಿಲ್ಲ. ಬೇಕಾದರೆ ಬರುತ್ತಾಳೆ ಎಂದುಕೊಂಡ. ಕರೆಯದೆ ತವರಿಗೆ ಯಾವ ಹೆಣ್ಣುಮಗಳು ಬರುತ್ತಾಳೆ? ತಾಯಂದಿರೇ, ನೀವೇ ಹೇಳಿ, ಬರುತ್ತೀರಾ? ಮರುವರ್ಷವೂ ಕರೆಯಲಿಲ್ಲ. ಆಮೇಲೆ ಕರೆಯದಿರುವುದೇ ರೂಢಿಯಾಯಿತು.

ಕಾಲ ಸರಿಯಿತು. ಒಂದು ದಿನ ಅಕ್ಕನ ಸೊಸೆ ಫೋನು ಮಾಡಿದಳು. “ಮಾವ, ಅತ್ತೆ ಹಾಸಿಗೆ ಹಿಡಿದವ್ರೆ. ನಿಮ್ಮನ್ನ ನೋಡ್ಬೇಕಂತೆ. ಒಂದ್ಸಲ ತವರು ಮನೆ ಹೊಸಿಲು ದಾಟ್ಬೇಕಂತೆ.”

ಶ್ರೀಮಂತನ ಎದೆ ಒಡೆಯಿತು. ತಕ್ಷಣ ಎದ್ದ. ಎದ್ದು ಎಲ್ಲಿಗೆ ಹೋದ? ಅಕ್ಕನ ಮನೆಗೆ ಹೋಗಲಿಲ್ಲ, ಜೀಪಿನ ಶೆಡ್ಡಿಗೆ ಹೋದ. ಮುಂದಿನ ಸೀಟು ಹರಿದಿತ್ತು. ನಾರು ಹೊರಬಿದ್ದಿತ್ತು, ಸ್ಪ್ರಿಂಗು ತುಕ್ಕು ಹಿಡಿದಿತ್ತು.

ಅವನ ಹೆಂಡತಿ ಕಾರಿನ ಕೀಲಿಯನ್ನು ಕೈಗೇ ತಂದುಕೊಟ್ಟಳು. “ರೀ, ಅತ್ತಿಗೆ ನೋಡ್ಬೇಕು ಅಂದಿದ್ದು ನಿಮ್ಮನ್ನ, ಸೀಟನ್ನಲ್ಲ. ಈಗ್ಲೇ ಹೋಗ್ಬನ್ನಿ.”

“ನಿಂಗೊತ್ತಾಗಲ್ಲ, ಸುಮ್ನಿರೇ. ಎಲ್ಲಿಂದ ಎಬ್ಬಿಸಿದ್ನೋ ಅಲ್ಲೇ ಕೂರಿಸ್ಬೇಕು.”

“ನೀವು ಕೂರಿಸೋವರ್ಗೂ ಅವ್ರು ಕಾಯ್ಬೇಕಲ್ಲ!”

ಮೇಲ್ನೋಟಕ್ಕೆ ಎಂಥ ಉದಾತ್ತವಾದ ಸಂಕಲ್ಪ! ನಾವೂ ನೀವೂ ಮೆಚ್ಚಬೇಕಾದದ್ದೇ. ಆದರೆ ಒಳಹೊಕ್ಕು ನೋಡಿ. ಬರಿಗೈಯಲ್ಲಿ ಹೋಗಿ, ಅಕ್ಕನ ಹಾಸಿಗೆಯ ಪಕ್ಕ ತಲೆ ತಗ್ಗಿಸಿ ನಿಲ್ಲಲು ಅವನಿಗೆ ಭಯ. ‘ತಪ್ಪಾಯಿತು’ ಎಂಬ ಮಾತನ್ನು ತನ್ನ ಬಾಯಿಯ ಬದಲು ಆ ಸೀಟೇ ಹೇಳಲಿ ಎಂಬ ಆಸೆ.

ಸೀಟು ಹೊಲಿಯುವವನ ಅಂಗಡಿ ಇದ್ದದ್ದು ಅಕ್ಕನ ಪೇಟೆಯಲ್ಲೇ. ಅವಳ ಮನೆಯ ಮುಂದೆಯೇ ಹಾದುಹೋಗಬೇಕು. ಅವನು ಹಾದುಹೋದ, ಆದರೆ ನಿಲ್ಲಿಸಲಿಲ್ಲ. ಹರಕು ಸೀಟಿನ ಗಾಡಿಯನ್ನು ಆ ಬಾಗಿಲಲ್ಲಿ ಹೇಗೆ ನಿಲ್ಲಿಸುವುದು? ಎಲ್ಲವೂ ಸಿದ್ಧವಾದ ಮೇಲೆ ನಿಲ್ಲಿಸೋಣ ಎಂದುಕೊಂಡು ವೇಗ ಹೆಚ್ಚಿಸಿದ.

“ಏನ್ ಸಾರ್ ಇದು, ಇಲಿಗಳು ಸಂಸಾರ ಹೂಡ್ಬಿಟ್ಟವೆ ಇದ್ರಲ್ಲಿ!” ಎಂದು ಸೀಟಿನವನು ನಕ್ಕ. “ಯಾರು ಕೂತ್ಕೊಳ್ಳೋಕೆ?”

“ನಮ್ಮಕ್ಕ.”

“ಹಂಗಾದ್ರೆ ರಾಣಿ ಕೂತಂಗಿರ್ಬೇಕು. ಬುಡಿ ನಂಗೆ.”

ಹಳೆಯ ರೆಕ್ಸಿನ್ ಕಿತ್ತರೆ ಒಳಗಿನ ಕಬ್ಬಿಣವೇ ಮುರಿದಿತ್ತು. ವೆಲ್ಡಿಂಗ್ ಮಾಡಿಸಿದ್ದಾಯಿತು. ಫೋಮು ಕತ್ತರಿಸಿ ಕೂರಿಸಿದರೆ ಎತ್ತರವಾಯಿತು, ಅಕ್ಕನ ಕಾಲು ನೆಲಕ್ಕೆ ತಾಗದು ಎಂದು ಬಿಚ್ಚಿಸಿದ. ಬಣ್ಣ ತಂದೆಯ ಕಾಲದ ಹಸಿರಲ್ಲ ಎಂದು ರೆಕ್ಸಿನ್ನನ್ನು ದೂರದಿಂದ ತರಿಸಿದ. ಅಂಚಿನ ಹೊಲಿಗೆ ಸೊಟ್ಟಗಿದೆ ಎಂದು ಮತ್ತೆ ಬಿಚ್ಚಿಸಿದ. ಪ್ರತಿ ಸಲವೂ ಜೀಪು ಅಕ್ಕನ ಬಾಗಿಲ ಮುಂದೆ ಹೋಯಿತು, ಬಂದಿತು.

ಸೀಟು ಕೊನೆಗೂ ಸಿದ್ಧವಾಯಿತು. ಗೌರಿಹಬ್ಬ ಹತ್ತಿರದಲ್ಲಿತ್ತು. ಹೊಸ ಸೀರೆ, ಬಳೆ, ಮಲ್ಲಿಗೆ ತೆಗೆದುಕೊಂಡು, ಹೊಸ ಸೀಟಿನ ಧೂಳನ್ನು ತನ್ನ ಕೈಯಿಂದಲೇ ಒರೆಸಿ ಹೊರಟ. ಅಂದು ಆ ಬಾಗಿಲಲ್ಲಿ ಜೀಪು ನಿಂತಿತು. ಮನೆಯ ಮುಂದೆ ಬೆರಣಿಯ ಬೆಂಕಿ ಹೊಗೆಯಾಡುತ್ತಿತ್ತು. ಅದು ಯಾವ ಬೆಂಕಿಯೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಸೊಸೆ ಹೊರಗೆ ಬಂದಳು. ಅವಳು ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

“ಮೊದ್ಲನೇ ಸಲ ಜೀಪಿನ ಸದ್ದು ಕೇಳ್ದಾಗ ಎದ್ದು ಕೂತ್ರು ಮಾವ. ‘ತಮ್ಮ ಬಂದ ಕಣೇ, ನನ್ ತಲೆ ಬಾಚು’ ಅಂದ್ರು. ಬಾಚ್ದೆ. ಸದ್ದು ಹಂಗೇ ಮುಂದಕ್ಕೋಯ್ತು. ‘ಗಾಡಿ ತಿರುಗಿಸ್ಕೊಂಡ್ ಬರ್ತಾನೆ’ ಅಂದ್ರು. ಸದ್ದು ಕೇಳ್ದಾಗೆಲ್ಲ ಇದೇ ಆಯ್ತು. ಕೊನೇಗೊಂದಿನ ಸದ್ದು ಬಂದ್ರೂ ಏಳ್ಲಿಲ್ಲ. ‘ಬಾಚಣಿಗೆ ತರ್ಲಾ ಅತ್ತೆ?’ ಅಂದೆ. ‘ಬ್ಯಾಡ ಬುಡವ್ವ. ಈ ದಾರೀಲಿ ಅವನಿಗೆ ಬೇರೆ ಯಾರೋ ಬೇಕಾದೋರವ್ರೆ’ ಅಂದ್ರು. ಆಮೇಲೆ ನಿಮ್ಮ ಸುದ್ದಿ ಎತ್ಲಿಲ್ಲ.”

ಶ್ರೀಮಂತನ ಕೈಯಲ್ಲಿದ್ದ ಮಲ್ಲಿಗೆ ಕೈಯಲ್ಲೇ ಉಳಿಯಿತು. “ಸೀಟು ಮಾಡಿಸ್ತಿದ್ದೆ ಕಣವ್ವಾ...” ಎಂದ.

“ಯಾವ ಸೀಟು ಮಾವ?” ಎಂದಳು ಅವಳು.

ಮಹನೀಯರೇ, ಅವನಿಗೆ ಅಕ್ಕನ ಮೇಲೆ ಪ್ರೀತಿ ಇರಲಿಲ್ಲವೇ? ಇತ್ತು. ಪಶ್ಚಾತ್ತಾಪ ಇರಲಿಲ್ಲವೇ? ಬೇಕಾದಷ್ಟಿತ್ತು. ಆದರೆ ಅವಳ ಕಿವಿಗೆ ಬಿದ್ದದ್ದು ಏನು? ನಿಲ್ಲದೆ ಹೋದ ಗಾಡಿಯ ಸದ್ದು, ಅಷ್ಟೇ. ಅವನ ಪಶ್ಚಾತ್ತಾಪವೇ ದಿನದಿನವೂ ಅವಳ ಬಾಗಿಲ ಮುಂದೆ ಓಡಾಡಿ ಅವಳನ್ನು ಕೊಂದಿತು.

ಈಗ ಅವನನ್ನು ಬಿಡಿ. ನಿಮ್ಮ ಕಡೆಗೆ ಬರುತ್ತೇನೆ. ಮನೆಗೆ ಸುಣ್ಣ ಬಳಿಸಿದ ಮೇಲೆ ತಮ್ಮನನ್ನು ಕರೆಯೋಣ ಎಂದುಕೊಂಡವರು ಇಲ್ಲಿ ಯಾರೂ ಇಲ್ಲವೇ? ಮಗಳ ಮದುವೆ ಗೊತ್ತಾಗಲಿ, ಆ ನೆಪದಲ್ಲಿ ಹಳೆಯ ಗೆಳೆಯನ ಮನೆಗೆ ಹೋದರಾಯಿತು ಎಂದುಕೊಂಡವರು? ಇದ್ದೀರಿ. ಕಂಬದ ಪಕ್ಕದ ಯಜಮಾನರೇ, ನೆಲ ನೋಡಬೇಡಿ, ನಾನು ನಿಮ್ಮೊಬ್ಬರಿಗೇ ಹೇಳುತ್ತಿಲ್ಲ. ಹರಿದ ಸೀಟಿನ ಮೇಲೆ ಗೋಣಿಚೀಲ ಹಾಸಿಕೊಂಡು ಹೋಗಿ. ಹಣ್ಣು ಹಂಪಲು ಕೊಳ್ಳಲು ನಿಲ್ಲಬೇಡಿ. ಆ ಮನೆಯ ಬಾಗಿಲಲ್ಲಿ, ಚಪ್ಪಲಿ ಬಿಡುವುದಕ್ಕೂ ಮೊದಲು, ನಿಮ್ಮ ಬಾಯಿಂದ ಆ ಮಾತು ಬರಲಿ. ಅವರು ಮುಖ ತಿರುಗಿಸಬಹುದು. ತಿರುಗಿಸಲಿ. ಬಂದಿರಿ ಎಂಬುದಾದರೂ ಅವರಿಗೆ ತಿಳಿಯುತ್ತದೆಯಲ್ಲ!

ಮಂಗಳಾರತಿಯಾಗಲಿ, ಪ್ರಸಾದ ಕೊಡಲಿ, ಆಮೇಲೆ ಹೋಗೋಣ ಎನ್ನುತ್ತೀರಿ. ಪ್ರವಚನಕಾರ ಇನ್ನೂ ಕುಳಿತಿರುವಾಗ ಏಳುವುದು ಅಗೌರವ ಎನ್ನುತ್ತೀರಿ. ಆ ಒಂದು ನೆಪವನ್ನೂ ನಾನು ನಿಮಗೆ ಉಳಿಸುವುದಿಲ್ಲ. ಇಗೋ, ಶಾಲು ಮಡಿಸಿದೆ. ಪುಸ್ತಕಗಳು ಚೀಲ ಸೇರಿದವು. ಆ ದೀಪವನ್ನು ಯಾರಾದರೂ ನೋಡಿಕೊಳ್ಳಿ. ಬಸ್ಸು ಇದೆಯೋ ಇಲ್ಲವೋ ತಿಳಿಯದು, ನಡೆದೇ ಹೋಗುತ್ತೇನೆ. ನಾನು ಎದ್ದೆ. ಇನ್ನು ನೀವು ಏಳಿ.