ಮೇಡಂ ಕಾರಿನ ಹೆಡ್‌ಲೈಟು

ವಾಹನ ತಪಾಸಣೆಯ ಕಚೇರಿಯಲ್ಲಿ ಸರದಿಗೆ ಕಾಯುತ್ತಿದ್ದ ಮೇಷ್ಟ್ರು ಪತ್ರಿಕೆ ಬಿಡಿಸಿಕೊಂಡಿದ್ದರು, ಓದುತ್ತಿರಲಿಲ್ಲ. ಅದೇ ಬೆಂಚಿನಲ್ಲಿ ಗಂಡ ಹೆಂಡತಿ ಕೂತಿದ್ದರು. ಹೆಡ್‌ಲೈಟಿನ ಪ್ಲಾಸ್ಟಿಕ್ಕು ಹಳದಿಗಟ್ಟಿ ಮಂಕಾಗಿದೆ, ಸರಿಮಾಡಿಸಿ ತನ್ನಿ ಎಂದು ಕಚೇರಿಯವರು ಅವರಿಗೆ ಆಗಷ್ಟೇ ಹೇಳಿದ್ದರು.

“ಹೋದ ವರ್ಷ ತಾನೇ ಉಜ್ಜಿದ್ರಲ್ಲ,” ಎಂದಳು ಹೆಂಡತಿ.

“ಉಜ್ಜಿದ್ದೆ. ಮೇಲೆ ಲೇಪ ಹಚ್ಚಬೇಕು ಅಂತ ಆಗ ಗೊತ್ತಿರ್ಲಿಲ್ಲ. ಹಾಗೇ ಬಿಟ್ರೆ ಬಿಸಿಲಿಗೆ ಮತ್ತೆ ಮಂಕಾಗುತ್ತಂತೆ.”

“ನಿಮ್ಮ ಆಫೀಸಿನ ಮೇಡಂ ಕಾರಿಗೆ ಹಚ್ಚಿದ್ರಿ.”

“ಅದು ಆಮೇಲೆ ಕಣೇ. ಅಷ್ಟೊತ್ತಿಗೆ ಕಲ್ತಿದ್ದೆ.”

“ಕಲಿಯೋದಕ್ಕೆ ನನ್ನ ಕಾರು. ಕಲಿತ ಮೇಲೆ ಅವರ ಕಾರು.”

“ಶುರು ಮಾಡಿದ್ಯಾ?”

“ನನ್ನದನ್ನ ಉಜ್ಜೋಕೆ ಟೂತ್‌ಪೇಸ್ಟು. ಅದೂ ಹಿಂಡಿ ಹಿಂಡಿ ಮುಗಿದಿದ್ದ ಟ್ಯೂಬು.”

ಗಂಡ ನಕ್ಕ. ಅವಳು ನಗಲಿಲ್ಲ.

“ಭಾನುವಾರ ನಿನ್ನದಕ್ಕೂ ಹಚ್ತೀನಿ ಬಿಡು. ಒಳ್ಳೆ ಲೇಪ ಅದು. ಅವರದು ಇವತ್ತಿಗೂ ಹೊಸದರ ಹಾಗೆ ಫಳಫಳ ಅಂತಿದೆ.”

ಚೀಲದ ಜಿಪ್ಪು ಎಳೆಯುತ್ತಿದ್ದ ಅವಳ ಕೈ ಅಲ್ಲೇ ನಿಂತಿತು.

“ಅವರಿಗೆ ಬೇರೆ ಊರಿಗೆ ವರ್ಗ ಆಗಿ ಎಷ್ಟೋ ತಿಂಗಳಾಯ್ತು ಅಂದಿದ್ರಿ.”

“ಹೂಂ.”

“ಮತ್ತೆ ಇವತ್ತಿಗೂ ಹೇಗಿದೆ ಅಂತ ನಿಮಗೆ ಹೇಗೆ ಗೊತ್ತು?”

ಮೇಷ್ಟ್ರು ಕೂಡ ಉತ್ತರಕ್ಕೆ ಕಾದರು. ಗಂಡ ತನ್ನ ಉಗುರು ನೋಡಿಕೊಳ್ಳುತ್ತ ಕೂತ.

“ಕೀ ಕೊಡಿ,” ಎಂದಳು.

ಕೊಟ್ಟ. ಅವಳು ಎದ್ದು ಹೊರಟಳು. ಅವನೂ ಅವಸರದಲ್ಲಿ ಹಿಂದೆ ಹೋದ. ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದು ಒಂದೇ ಸಲ ಕೇಳಿತು. ಆಮೇಲೆ ಕಾರು ಹೊರಟುಹೋಯಿತು.